ಗಲ್ಲು ಬೇಕು ಅಂದವರು ಕೇಳಿದ್ದೇನು? ಸಕಲೇಶಪುರ ಕಡೆಯ ಒಂದು ಕೊಲೆ ಪ್ರಕರಣ

ಇದು ಹಾಸನ ಜಿಲ್ಲೆ ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಡೆದದ್ದು. ಊರಿನ ಹೆಸರು, ಮನೆತನದ ಹೆಸರು ಬರೆಯುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಕಾನೂನು ನೆರವಿನ ಸ್ವಯಂಸೇವಕನಾಗಿ ನಾನು ಸತ್ತವರ ಮನೆಗೂ ಹೋಗಿದ್ದೆ, ಆರೋಪಿಯ ತಾಯಿಯ ಹತ್ತಿರವೂ ಹೋಗಿದ್ದೆ. ಎರಡೂ ಕಡೆ ಕೂತು ಕೇಳಿದ್ದರಿಂದ ಇದನ್ನು ಬರೆಯಬೇಕು ಅನ್ನಿಸಿತು. ಮರಣದಂಡನೆ ಬಗ್ಗೆ ಟಿವಿಯಲ್ಲಿ ನಡೆಯುವ ಚರ್ಚೆಯಲ್ಲಿ ಪರ, ವಿರೋಧ ಅಂತ ಎರಡೇ ಗುಂಪು. ಈ ಊರಿನಲ್ಲಿ ನಾನು ಕಂಡದ್ದು ಹಾಗಿರಲಿಲ್ಲ.

ನಡೆದದ್ದು

ಸತ್ತವರು ಎಪ್ಪತ್ತು ದಾಟಿದ ಸಣ್ಣ ಬೆಳೆಗಾರರು. ಊರಿಗೆಲ್ಲ ಗೌಡ್ರು. ಆರೇಳು ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಸ್ವಲ್ಪ ಗದ್ದೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮಗಳನ್ನು ಬೇಲೂರು ಕಡೆಗೆ ಕೊಟ್ಟಿದ್ದಾರೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮೆಣಸು ಕೊಯ್ದು, ಕಣದಲ್ಲಿ ಒಣಗಿಸಿ, ಮೂಟೆ ಮಾರಿ, ಹಣ ತಂದು ಬೀರುವಿನಲ್ಲಿ ಇಟ್ಟ ವಾರವದು. ರಾತ್ರಿ ಹಿಂಬಾಗಿಲಿನಿಂದ ಒಬ್ಬ ಒಳಗೆ ಬಂದ. ಸದ್ದಿಗೆ ಗೌಡ್ರು ಎದ್ದರು. ಅವನು ಕತ್ತಿ ಬೀಸಿದ. ಅಜ್ಜಿ ಪಕ್ಕದ ಕೋಣೆಯಲ್ಲಿದ್ದರು. ಕರೆಂಟ್ ಇರಲಿಲ್ಲ, ಮುಖ ಕಾಣಲಿಲ್ಲ. ಆದರೆ ದನಿ ಕೇಳಿಸಿತು. 'ಸುಮ್ನಿರಿ ಗೌಡ್ರೇ, ಸುಮ್ನಿರಿ' ಅಂತ ಅವನು ಎರಡು ಸಲ ಹೇಳಿದ್ದ.

ಆ ದನಿ ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. ಅವನು ಅವರ ಅಂಗಳದಲ್ಲೇ ಬೆಳೆದ ಹುಡುಗ. ಅವನ ತಾಯಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದವಳು. ಗೌಡ್ರ ಮಗಳ ಬಾಣಂತನದಲ್ಲಿ ಮಗುವಿಗೆ ನೀರು ಹಾಕಿದ್ದೂ ಅವಳೇ. ಹುಡುಗನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಆ ಸಲದ ಮೆಣಸಿನ ಕೊಯ್ಲಿಗೆ ಏಣಿ ಹತ್ತಿದ್ದವನೂ ಅವನೇ. ಎರಡನೇ ದಿನ ಪೊಲೀಸರು ಹಿಡಿದರು. ಹಣದ ಒಂದು ಪಾಲು ಸಿಕ್ಕಿತು, ರಕ್ತದ ಕಲೆಯ ಅಂಗಿ ಸಿಕ್ಕಿತು. ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) ಇನ್ನೂ ಜಾರಿಯಲ್ಲಿದ್ದ ಕಾಲವದು. ಹಾಗಾಗಿ ಕೇಸು ದಾಖಲಾದದ್ದು ಕೊಲೆಯ 302ನೇ ಕಲಮಿನಡಿ, ಜೊತೆಗೆ ದರೋಡೆಯ ಕಲಮುಗಳು.

ಊರು ಎದ್ದಿತು

ಬಂಧನದ ಸುದ್ದಿ ಬಂದ ಮರುದಿನ ಪೇಟೆಯಲ್ಲಿ ಅಂಗಡಿಗಳು ಮುಚ್ಚಿದವು. ಬಸ್ ಸ್ಟ್ಯಾಂಡಿನ ಎದುರು 'ಗಲ್ಲಿಗೇರಿಸಿ' ಅಂತ ಬ್ಯಾನರ್ ಬಂತು. ಎಲ್ಲ ಪಕ್ಷದ ಮುಖಂಡರೂ ಮನೆಗೆ ಬಂದು ಹೋದರು. ಒಬ್ಬರಿಗೊಬ್ಬರು ಆಗದವರೂ ಆ ಅಂಗಳದಲ್ಲಿ ನಿಂತು ಒಂದೇ ಮಾತು ಹೇಳಿದರು: ತ್ವರಿತ ವಿಚಾರಣೆ ಆಗಬೇಕು, ಗಲ್ಲು ಆಗಬೇಕು. ಚುನಾವಣೆಗೆ ನಿಲ್ಲುವ ಯಾರಿಗೂ ಬೇರೆ ಮಾತಾಡುವ ಧೈರ್ಯ ಇರಲಿಲ್ಲ.

ವಕೀಲರ ನಡುವೆಯೂ ಒಂದು ಮಾತು ಹರಡಿತು. ಇವನ ಪರ ಯಾರೂ ವಕಾಲತ್ತು ಹಾಕಬಾರದಂತೆ. ಇಂಥ ತೀರ್ಮಾನ ಸಂವಿಧಾನಕ್ಕೂ ವಕೀಲಿ ವೃತ್ತಿಯ ನಿಯಮಕ್ಕೂ ವಿರುದ್ಧ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಖಡಾಖಂಡಿತವಾಗಿ ಹೇಳಿದೆ. ಕೊನೆಗೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಒಬ್ಬರು ವಕೀಲರು ನೇಮಕವಾದರು. ಆ ಹೆಣ್ಣುಮಗಳು ಕೋರ್ಟಿಗೆ ಬರುವ ದಾರಿಯಲ್ಲಿ ಕೇಳಿದ ಮಾತುಗಳನ್ನು ನಾನು ಬರೆಯಲಾರೆ. ಕೇಸು ನಡೆಸದೆ ಯಾರನ್ನೂ ಗಲ್ಲಿಗೆ ಹಾಕುವುದಕ್ಕೆ ಆಗುವುದಿಲ್ಲ, ಕೇಸು ನಡೆಯಬೇಕಾದರೆ ಅವನ ಪರವೂ ಒಬ್ಬರು ನಿಲ್ಲಲೇಬೇಕು. ಇಷ್ಟನ್ನು ಬಿಡಿಸಿ ಹೇಳಬೇಕಾಗಿ ಬಂತು ಅನ್ನುವುದೇ ಸಂಕಟದ ವಿಷಯ.

ಸಹಿ ಹಾಳೆ

ತಹಸೀಲ್ದಾರರಿಗೆ ಕೊಡುವ ಮನವಿಗೆ ಸಹಿ ಸಂಗ್ರಹ ಶುರುವಾಯಿತು. ಈ ಪ್ರಕರಣದಲ್ಲಿ ನಾನು ಕಲಿತದ್ದೆಲ್ಲ ಹೆಚ್ಚುಕಮ್ಮಿ ಆ ಹಾಳೆಗಳಿಂದಲೇ.

ಮಂಡಿ ಬೀದಿಯಲ್ಲಿ ಮೆಣಸು, ಕಾಫಿ ಕೊಳ್ಳುವ ಇಬ್ಬರು ಜೈನ ವ್ಯಾಪಾರಿಗಳಿದ್ದಾರೆ. ಒಬ್ಬರು ಎಲ್ಲರಿಗಿಂತ ಮೊದಲು ಸಹಿ ಹಾಕಿದರು. 'ಮನೆಯಲ್ಲಿ ದುಡ್ಡು ಇಟ್ಟವರಿಗೆ ರಕ್ಷಣೆ ಬೇಕಲ್ವಾ?' ಅಂದರು. ಪಕ್ಕದ ಅಂಗಡಿಯ ಹಿರಿಯರು ಪೆನ್ನು ಮುಟ್ಟಲಿಲ್ಲ. 'ಕೊಲ್ಲಿ ಅಂತ ನನ್ನ ಕೈಯಾರೆ ಬರೆಯಲ್ಲ. ಸಾಯೋ ತನಕ ಒಳಗೆ ಇಡಿ ಅಂತ ಬರ್ಕೊಂಡು ಬನ್ನಿ, ಈಗ್ಲೇ ಹಾಕ್ತೀನಿ' ಅಂದರು. ಇಬ್ಬರೂ ಶ್ರವಣಬೆಳಗೊಳಕ್ಕೆ ಹೋಗುವವರೇ. ಚಾವುಂಡರಾಯ 981ರಲ್ಲಿ ನಿಲ್ಲಿಸಿದ ಆ 58 ಅಡಿ ಮೂರ್ತಿ ನಮ್ಮದೇ ಜಿಲ್ಲೆಯಲ್ಲಿದೆ. ಅಣ್ಣ ಭರತನನ್ನು ಮೇಲೆತ್ತಿ, ನೆಲಕ್ಕೆ ಅಪ್ಪಳಿಸುವ ಬದಲು ಮೆಲ್ಲಗೆ ಇಳಿಸಿ, ರಾಜ್ಯವನ್ನೇ ಬಿಟ್ಟು ನಡೆದವನ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಒಂದೇ ಕಥೆ ಕೇಳಿ ಬೆಳೆದ ಇಬ್ಬರು ಒಂದೇ ಹಾಳೆಯ ಮುಂದೆ ಬೇರೆ ಬೇರೆ ನಿಂತರು.

ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ, ಲಿಂಗಾಯತರು. ಹಾಳೆಯನ್ನು ಓದಿ, ಮೇಲಿನ ಸಾಲಿನ ಕೆಳಗೆ 'ನ್ಯಾಯ ಸಿಗಲಿ' ಅಂತ ಮಾತ್ರ ಬರೆದು ಸಹಿ ಹಾಕಿದರು. ಯಾಕೆ ಅಂತ ಕೇಳಿದೆ. 'ಹರಳಯ್ಯ, ಮಧುವರಸರನ್ನ ಬಿಜ್ಜಳ ಎಳೆಹೂಟೆಗೆ ಹಾಕಿಸಿದನಲ್ಲ, ಅದೂ ರಾಜಾಜ್ಞೆಯೇ. ಅವತ್ತೂ ಅದಕ್ಕೆ ತಲೆದೂಗಿದವರು ಇದ್ರು' ಅಂದರು. ಜಾತಿ ಮೀರಿ ಮಕ್ಕಳ ಮದುವೆ ಮಾಡಿದ್ದಕ್ಕೆ ಆನೆಯ ಕಾಲಿಗೆ ಕಟ್ಟಿ ಎಳೆಸಿದ ಶಿಕ್ಷೆ ಅದು. ಕೊಲೆಗೂ ಅದಕ್ಕೂ ಎಲ್ಲಿಯ ಹೋಲಿಕೆ ಅಂತ ಅಲ್ಲಿದ್ದ ಹುಡುಗರು ರೇಗಿದರು. ಅವರು ರೇಗಿದ್ದರಲ್ಲಿ ತಪ್ಪಿಲ್ಲ. ಆದರೆ ಮೇಷ್ಟ್ರು ಹೇಳುತ್ತಿದ್ದದ್ದು ಅಪರಾಧದ ಬಗ್ಗೆ ಅಲ್ಲ, ಕೊಲ್ಲುವ ಅಧಿಕಾರ ಯಾರ ಕೈಯಲ್ಲಿರುತ್ತದೆ ಅನ್ನುವುದರ ಬಗ್ಗೆ.

'ಬಸ್ ಸ್ಟ್ಯಾಂಡಲ್ಲೇ ನೇಣು ಹಾಕ್ಬೇಕು, ಹಿಂದೆ ಹಾಕ್ತಿರಲಿಲ್ವಾ?' ಅಂದವರೂ ಇದ್ದರು. ಹಾಕುತ್ತಿದ್ದರು, ನಿಜ. ಮಂಜರಾಬಾದು, ಐಗೂರು, ಸಕಲೇಶಪುರ ಎಲ್ಲ ಸೇರಿದ ಈ ಬಲಂ ಸೀಮೆಯ ಪಾಳೆಯಗಾರನನ್ನು 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಕೈಕೆಳಗಿನ ಸೈನ್ಯ ಹಿಡಿದು ನೇಣಿಗೆ ಹಾಕಿತು. ಜನ ಹೆದರಲಿ ಅಂತ ಹಾಕಿದ ನೇಣು ಅದು. ಇವತ್ತು ಈ ಸೀಮೆಯವರು ಅವನನ್ನು ಬ್ರಿಟಿಷರ ವಿರುದ್ಧ ನಿಂತ ವೀರ ಅಂತ ನೆನೆಯುತ್ತಾರೆ.

ಮರದ ಮಿಲ್ಲು ಇಟ್ಟಿರುವ ಸಾಹೇಬರ ತಮ್ಮ ಸೌದಿಯಲ್ಲಿದ್ದಾನೆ. ಅವರು ಹಾಳೆ ಕೈಗೆ ತಗೊಂಡು ಕೇಳಿದ್ದು ಒಂದೇ: 'ಅಮ್ಮಾವ್ರನ್ನ ಕೇಳಿದ್ರಾ?' ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಸೌದಿ, ಯೆಮೆನ್, ಇರಾನ್ ಕಡೆ ಕೊಲೆ ಕೇಸಿನಲ್ಲಿ ಸತ್ತವರ ವಾರಸುದಾರರ ಮಾತಿಗೆ ದೊಡ್ಡ ಬೆಲೆಯಿದೆ. ಅವರು ಪರಿಹಾರದ ಹಣ ತಗೊಂಡು ಅಥವಾ ಹಾಗೇ ಕ್ಷಮಿಸಿದರೆ ತಲೆ ಉಳಿಯುತ್ತದೆ. 2025ರ ಜುಲೈನಲ್ಲಿ ಯೆಮೆನ್ ಜೈಲಿನಲ್ಲಿದ್ದ ಕೇರಳದ ನರ್ಸ್ ಒಬ್ಬರ ಮರಣದಂಡನೆಗೆ ದಿನ ಗೊತ್ತಾಗಿ, ಕೊನೇ ಗಳಿಗೆಯಲ್ಲಿ ಮುಂದಕ್ಕೆ ಹೋಯಿತು. ಆ ವಾರ ನಮ್ಮ ಪೇಟೆಯ ಹೋಟೆಲುಗಳಲ್ಲಿ ಎಲ್ಲರೂ ಆಕೆ ಉಳಿಯಲಿ ಅಂತಲೇ ಮಾತಾಡುತ್ತಿದ್ದರು. ಈ ಹಾಳೆಗೆ ಸಹಿ ಹಾಕಿದವರೂ ಅವರಲ್ಲಿದ್ದರು. ಆ ಪದ್ಧತಿಗೂ ಕೆಟ್ಟ ಮುಖವಿದೆ. ದುಡ್ಡಿರುವವನು ಉಳಿಯುತ್ತಾನೆ, ಇಲ್ಲದವನು ಸಾಯುತ್ತಾನೆ. ಆದರೂ ಸಾಹೇಬರ ಪ್ರಶ್ನೆ ಸರಿಯಾಗಿತ್ತು.

ಲೈನ್ ಮನೆಗಳವರು ಬಹುತೇಕ ಎಲ್ಲರೂ ಸಹಿ ಹಾಕಿದರು, ಓದಲು ಬಾರದವರು ಹೆಬ್ಬೆಟ್ಟು ಒತ್ತಿದರು. ಯಾಕೆ ಅಂತ ನಿಧಾನಕ್ಕೆ ಗೊತ್ತಾಯಿತು. ಹಾಕದಿದ್ದರೆ 'ನೀವೂ ಅವನ ಕಡೆಯವರೇ' ಅಂದುಬಿಡುತ್ತಾರೆ, ನಾಳೆಯಿಂದ ಕೆಲಸ ಇರುವುದಿಲ್ಲ. ಕಾರ್ಮಿಕ ಸಂಘದ ಒಬ್ಬರು ಮಾತ್ರ ಬಹಿರಂಗವಾಗಿ ಆಗಲ್ಲ ಅಂದರು. 'ತೋಟದ ಯಜಮಾನನ ಮಗ ಒಬ್ಬ ಆಳನ್ನ ಕೊಂದಿದ್ರೆ ಈ ಬ್ಯಾನರ್ ಬರ್ತಿತ್ತಾ?' ಅಂತ ಕೇಳಿದರು. ಅಂಥ ಹೊತ್ತಿನಲ್ಲಿ ಆಡುವ ಮಾತಲ್ಲ ಅದು ಅಂತ ಸಿಟ್ಟು ಬಂದವರೇ ಜಾಸ್ತಿ. ಆದರೆ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ದೇಶದಲ್ಲಿ ಗಲ್ಲುಶಿಕ್ಷೆಗೆ ಗುರಿಯಾದ ಕೈದಿಗಳಲ್ಲಿ ನೂರಕ್ಕೆ 74 ಜನ ಆರ್ಥಿಕವಾಗಿ ದುರ್ಬಲ ಸ್ಥಿತಿಯವರು.

ಇನ್ನು ಕಾಲೇಜು ಹುಡುಗಿಯರು. ಅವರಷ್ಟು ಮನಸ್ಸಿಟ್ಟು ಸಹಿ ಹಾಕಿದವರು ಬೇರೆ ಇಲ್ಲ. ಗೌಡ್ರ ಪರಿಚಯವೂ ಅವರಿಗಿರಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ಸಾಮೂಹಿಕ ಅತ್ಯಾಚಾರ ನಡೆದ ದೆಹಲಿಯ 2012ರ ಬಸ್ಸು, ಸಂಜೆ ಆರರ ಮೇಲೆ ತಮ್ಮೂರಿಗೆ ಹೋಗುವ ಕಡೇ ಬಸ್ಸು. 'ಕೋರ್ಟ್ ಯಾಕೆ, ಹೈದರಾಬಾದಲ್ಲಿ ಮಾಡಿದ ಹಾಗೆ ಎನ್‌ಕೌಂಟರ್ ಮಾಡ್ಲಿ' ಅಂದಳು ಒಬ್ಬಳು. 2019ರ ಡಿಸೆಂಬರ್ 6ರಂದು ಪಶುವೈದ್ಯೆಯೊಬ್ಬರ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಕರ್ನಾಟಕದಲ್ಲೂ ಪಟಾಕಿ ಹೊಡೆದವರಿದ್ದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ ಅಂತ 2022ರಲ್ಲಿ ವರದಿ ಕೊಟ್ಟಿತು. ಆ ನಾಲ್ವರು ತಪ್ಪು ಮಾಡಿದ್ದರೋ ಇಲ್ಲವೋ ಅನ್ನುವುದು ಇನ್ನು ಯಾವ ಕೋರ್ಟಿನಲ್ಲೂ ತೀರ್ಮಾನವಾಗುವುದಿಲ್ಲ. ಆ ಹುಡುಗಿಗೆ ನಾನು ಇದನ್ನೆಲ್ಲ ಹೇಳಿದೆ. 'ಹಾಗಾದ್ರೆ ನಾವು ಯಾರನ್ನ ನಂಬೋದು ಸರ್?' ಅಂದಳು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಸರ್ಕಾರ.

ಹಾಳೆಗಳನ್ನೆಲ್ಲ ಹರಡಿ ನೋಡಿದರೆ ಜಾತಿ, ಧರ್ಮ, ಪಕ್ಷದ ಲೆಕ್ಕ ಕೂಡುವುದೇ ಇಲ್ಲ. ಒಬ್ಬರದು ಭಯ, ಒಬ್ಬರದು ಮರ್ಯಾದೆ, ಇನ್ನೊಬ್ಬರದು ಕೂಲಿ ಹೋಗುವ ಚಿಂತೆ. ಕೋರ್ಟಿನ ಮೇಲೆ ನಂಬಿಕೆ ಕಳಕೊಂಡವರೂ ಅದೇ ಸಾಲಿನಲ್ಲಿದ್ದರು. ಎಲ್ಲವನ್ನೂ 'ಗಲ್ಲು' ಅನ್ನುವ ಒಂದೇ ಬೇಡಿಕೆಯ ಕೆಳಗೆ ಬರೆಸಿಕೊಂಡರು.

ಬೇರೆ ಕಡೆಯೂ ಇದೇ ಗೊಂದಲ

ಧರ್ಮ ನೋಡಿ ದೇಶಗಳ ನಿಲುವನ್ನು ಹೇಳುವುದಕ್ಕೂ ಆಗುವುದಿಲ್ಲ. ಹಿಂದೂಗಳೇ ಹೆಚ್ಚಿರುವ ನೇಪಾಳ 1990ರ ಸಂವಿಧಾನದಲ್ಲೇ ಮರಣದಂಡನೆ ಬಿಟ್ಟಿತು, ನಾವು ಬಿಟ್ಟಿಲ್ಲ. ಭೂತಾನ್ 2004ರಲ್ಲಿ ಬಿಟ್ಟಿತು. ಶ್ರೀಲಂಕಾದ ಕಾನೂನಿನಲ್ಲಿ ಇದೆ, ಆದರೆ 1976ರಿಂದೀಚೆಗೆ ಯಾರನ್ನೂ ನೇಣಿಗೆ ಹಾಕಿಲ್ಲ. ಬೌದ್ಧರೇ ಹೆಚ್ಚಿರುವ ಥಾಯ್ಲೆಂಡಿನಲ್ಲಿ ಇವತ್ತಿಗೂ ಜಾರಿಯಲ್ಲಿದೆ. ಮುಸ್ಲಿಮರು ಹೆಚ್ಚಿರುವ ಟರ್ಕಿ ಬಿಟ್ಟಿದೆ, ಇರಾನ್ ಬಿಟ್ಟಿಲ್ಲ. ಪಾಕಿಸ್ತಾನ ವರ್ಷಗಟ್ಟಲೆ ನಿಲ್ಲಿಸಿತ್ತು. 2014ರ ಡಿಸೆಂಬರಿನಲ್ಲಿ ಪೇಶಾವರದ ಶಾಲೆಯಲ್ಲಿ ಮಕ್ಕಳ ಹತ್ಯೆಯಾದ ಮೇಲೆ ಮತ್ತೆ ಶುರು ಮಾಡಿತು. ಫ್ರಾನ್ಸ್ 1981ರಲ್ಲಿ ರದ್ದು ಮಾಡಿದಾಗ ಅಲ್ಲಿನ ಹೆಚ್ಚಿನ ಜನ ಗಲ್ಲಿನ ಪರವೇ ಇದ್ದರು. ನಮ್ಮ ನೆರೆಯ ತಿರುವಾಂಕೂರು ಸಂಸ್ಥಾನ 1944ರಲ್ಲೇ ರದ್ದು ಮಾಡಿತ್ತು. ಭಾರತದೊಳಗೆ ಸೇರಿದ ಮೇಲೆ ಅಲ್ಲಿಗೆ ಅದು ವಾಪಸು ಬಂತು.

ನಮ್ಮಲ್ಲಿ ರಾಜಕೀಯ ನಿಲುವು ಎಷ್ಟೋ ಸಲ 'ಯಾರವನು' ಅನ್ನುವುದರ ಮೇಲೆ ನಿಂತಿರುತ್ತದೆ. 2011ರಲ್ಲಿ ತಮಿಳುನಾಡು ವಿಧಾನಸಭೆ ರಾಜೀವ್ ಗಾಂಧಿ ಹತ್ಯೆಯ ಅಪರಾಧಿಗಳ ಗಲ್ಲು ತಪ್ಪಿಸಿ ಅಂತ ನಿರ್ಣಯ ಮಾಡಿತು. ಆ ಸ್ಫೋಟದಲ್ಲಿ ಸತ್ತವರಲ್ಲಿ ತಮಿಳು ಪೊಲೀಸರೂ ಇದ್ದರು. ಯಾರ ಕಡೆಯವನು ಅಂತ ನೋಡದೆ ಇಡೀ ಶಿಕ್ಷೆಯನ್ನೇ ತೆಗೆಯಿರಿ ಅಂದ ಒಂದು ಉದಾಹರಣೆ ತ್ರಿಪುರಾದ್ದು. ಅಲ್ಲಿನ ವಿಧಾನಸಭೆ 2015ರಲ್ಲಿ ಅಂಥ ನಿರ್ಣಯ ಮಾಡಿತ್ತು.

ನಮ್ಮ ರಾಜ್ಯದ್ದೇ ಪಾಲಾರ್ ಪ್ರಕರಣ ನೋಡಿ. 1993ರ ಏಪ್ರಿಲ್‌ನಲ್ಲಿ ವೀರಪ್ಪನ್ ಗುಂಪು ಇಟ್ಟ ನೆಲಬಾಂಬಿಗೆ 22 ಜನ ಸತ್ತರು. ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟ್ ನಾಲ್ವರಿಗೆ ಜೀವಾವಧಿ ಕೊಟ್ಟಿತ್ತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲುಶಿಕ್ಷೆಯಾಗಿ ಹೆಚ್ಚಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ದೆಹಲಿಯಲ್ಲಿ ಕೂತಿತು. 2013ರಲ್ಲಿ ರಾಷ್ಟ್ರಪತಿಗಳು ಅದನ್ನು ತಿರಸ್ಕರಿಸಿದರು. ಇಷ್ಟು ವರ್ಷ ಸಾವಿನ ಬಾಯಲ್ಲಿ ಕೂರಿಸಿದ್ದು ಸರಿಯಲ್ಲ ಅಂತ 2014ರ ಜನವರಿ 21ರಂದು ಸುಪ್ರೀಂ ಕೋರ್ಟ್ ಅವರದ್ದೂ ಸೇರಿ 15 ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಸತ್ತವರ ಮನೆಯವರಿಗೆ ಇಪ್ಪತ್ತು ವರ್ಷದಲ್ಲಿ ನಾಲ್ಕು ಸಲ ನಾಲ್ಕು ಉತ್ತರ ಸಿಕ್ಕಿತು. ಅವರ ಸಂಕಟವನ್ನು ಕೇಳಿದವರು ಯಾರು?

ಮಗ ತಿಳಿದುಕೊಂಡಿದ್ದ ಕಾನೂನು, ಇರುವ ಕಾನೂನು

ಗೌಡ್ರ ಮಗ ಓದಿದವನು, ತಿಳಿವಳಿಕೆಯುಳ್ಳವನು. ಆದರೂ ಅವನ ಲೆಕ್ಕದಲ್ಲಿ ಸೆಷನ್ಸ್ ಕೋರ್ಟ್ ಗಲ್ಲು ಕೊಟ್ಟರೆ ಆರು ತಿಂಗಳಲ್ಲಿ ಮುಗಿಯುತ್ತದೆ, ಜೀವಾವಧಿ ಕೊಟ್ಟರೆ ಹದಿನಾಲ್ಕು ವರ್ಷಕ್ಕೆ ಆಸಾಮಿ ಹೊರಗೆ ಬರುತ್ತಾನೆ. ಎರಡೂ ಹಾಗಲ್ಲ.

ಸೆಷನ್ಸ್ ಕೋರ್ಟ್ ಕೊಟ್ಟ ಗಲ್ಲನ್ನು ಹೈಕೋರ್ಟ್ ಖಾಯಂ ಮಾಡಲೇಬೇಕು. ಆಮೇಲೆ ಸುಪ್ರೀಂ ಕೋರ್ಟ್, ಮರುಪರಿಶೀಲನೆ, ರಾಜ್ಯಪಾಲರು, ರಾಷ್ಟ್ರಪತಿಗಳು. ದೇಶವೇ ಬೀದಿಗಿಳಿದಿದ್ದ ದೆಹಲಿಯ ಪ್ರಕರಣದಲ್ಲೂ 2012ರ ಡಿಸೆಂಬರಿನಿಂದ 2020ರ ಮಾರ್ಚ್ 20ರವರೆಗೆ, ಏಳು ವರ್ಷಕ್ಕೂ ಜಾಸ್ತಿ ಹಿಡಿಯಿತು. ಕೆಳಗಿನ ಕೋರ್ಟುಗಳು ಕೊಡುವ ನೂರು ಗಲ್ಲುಗಳಲ್ಲಿ ಕೊನೆಯವರೆಗೆ ಉಳಿಯುವುದು ಸುಮಾರು ಐದು. ಮಿಕ್ಕವು ಜೀವಾವಧಿಗೆ ಇಳಿಯುತ್ತವೆ, ಇಲ್ಲವೇ ಆರೋಪಿ ಖುಲಾಸೆಯೇ ಆಗುತ್ತಾನೆ.

ಖುಲಾಸೆ ಅಂದಾಗ ಮಗನಿಗೆ ನಾನು ಹೇಳಿದ್ದು ಮಹಾರಾಷ್ಟ್ರದ ಒಂದು ಕೇಸು. ಅಲೆಮಾರಿ ಸಮುದಾಯದ ಆರು ಜನ. 2009ರಲ್ಲಿ ಸುಪ್ರೀಂ ಕೋರ್ಟೇ ಆರೂ ಜನರಿಗೆ ಗಲ್ಲು ಅಂದಿತ್ತು. ಹತ್ತು ವರ್ಷದ ಮೇಲೆ, 2019ರ ಮಾರ್ಚಿನಲ್ಲಿ, ಅದೇ ಸುಪ್ರೀಂ ಕೋರ್ಟ್ ಆರೂ ಜನರನ್ನು ನಿರಪರಾಧಿಗಳು ಅಂತ ಬಿಟ್ಟಿತು. ಅಷ್ಟರಲ್ಲಿ ಅವರು 16 ವರ್ಷ ಒಳಗಿದ್ದರು. ತಲೆಗೆ ಐದು ಲಕ್ಷ ಪರಿಹಾರ ಕೊಡಿ ಅಂತ ಸರ್ಕಾರಕ್ಕೆ ಆದೇಶವಾಯಿತು. ನಡುವೆ ಎಲ್ಲಾದರೂ ನೇಣಾಗಿದ್ದರೆ ಆ ಐದು ಲಕ್ಷ ಯಾರಿಗೆ?

ಇನ್ನು ಹದಿನಾಲ್ಕು ವರ್ಷದ ಮಾತು. ಜೀವಾವಧಿ ಅಂದರೆ ಕಾನೂನಿನಲ್ಲಿ ಉಸಿರಿರುವ ತನಕ. ಗಲ್ಲಿಗೂ ಅರ್ಹವಾದ ಅಪರಾಧದಲ್ಲಿ ಹದಿನಾಲ್ಕು ವರ್ಷ ತುಂಬುವ ಮೊದಲು ಬಿಡುವಂತಿಲ್ಲ ಅಂತ ಇದೆ. ತುಂಬಿದ ತಕ್ಷಣ ಬಿಡಬೇಕು ಅಂತ ಎಲ್ಲೂ ಇಲ್ಲ. ಬಿಡುವುದು ಸರ್ಕಾರದ ಕೈಯಲ್ಲಿದೆ. ಜನರಿಗೆ ಭಯ ಇರುವುದೂ ಅಲ್ಲೇ. ಆ ಭಯಕ್ಕೆ ಕೋರ್ಟ್ ಒಂದು ದಾರಿ ಹುಡುಕಿದ್ದು ನಮ್ಮ ಬೆಂಗಳೂರಿನದೇ ಒಂದು ಕೇಸಿನಲ್ಲಿ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳನ್ನು ಗಂಡನೇ ಕೊಂದು ಮನೆಯ ಆವರಣದಲ್ಲಿ ಹೂತಿದ್ದ. ಸ್ವಾಮಿ ಶ್ರದ್ಧಾನಂದ ಪ್ರಕರಣ ಅಂತ ಅದು ಹೆಸರಾಗಿದೆ. 2008ರಲ್ಲಿ ಸುಪ್ರೀಂ ಕೋರ್ಟ್ ಅವನ ಗಲ್ಲು ತೆಗೆದು, ಜೀವ ಇರುವ ತನಕ ಬಿಡುಗಡೆಯೇ ಇಲ್ಲ ಅಂತ ಆದೇಶಿಸಿತು. ಹದಿನಾಲ್ಕು ವರ್ಷಕ್ಕೂ ಗಲ್ಲಿಗೂ ನಡುವೆ ಜಾಗವಿದೆ ಅಂತ ಆ ತೀರ್ಪು ತೋರಿಸಿತು. ಆದರೆ ಹೀಗೆ 20, 25, 30 ವರ್ಷ ಕಡಿತವಿಲ್ಲದೆ ಇಡಿ ಅಂತ ಹೇಳುವ ಅಧಿಕಾರ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಮಾತ್ರ ಇದೆ ಅಂತ 2015ರಲ್ಲಿ ತೀರ್ಮಾನವಾಯಿತು. ಸೆಷನ್ಸ್ ನ್ಯಾಯಾಧೀಶರ ಮುಂದೆ ಇರುವುದು ಎರಡೇ: ಗಲ್ಲು, ಇಲ್ಲವೇ ಬರೀ ಜೀವಾವಧಿ.

ಶಿಕ್ಷೆಯ ದಿನ

ಸಾಕ್ಷಿ ಹೇಳುವಾಗ ಅಜ್ಜಿ ಒಂದು ಮಾತೂ ತಡವರಿಸಲಿಲ್ಲ. ದನಿ ಹೇಗೆ ಗೊತ್ತು ಅಂತ ಎದುರು ವಕೀಲರು ಕೇಳಿದರು. 'ಅವನು ಮಾತು ಕಲ್ತಿದ್ದೇ ನಮ್ಮನೆ ಜಗುಲಿ ಮೇಲೆ' ಅಂದರು. ಕೋರ್ಟು ಅವನನ್ನು ತಪ್ಪಿತಸ್ಥ ಅಂತ ತೀರ್ಮಾನಿಸಿತು. ಆಮೇಲೆ ಸರ್ಕಾರಿ ವಕೀಲರು ಗಲ್ಲು ಕೇಳಿದರು. ಅಜ್ಜಿಗೆ ನಿದ್ದೆ ಹೋದದ್ದು ಆ ದಿನದಿಂದ.

ಅಡುಗೆಮನೆಯಲ್ಲಿ ಒಲೆ ಮುಂದೆ ಕೂತು ನನ್ನನ್ನು ಕೇಳಿದರು. 'ನಾನು ಹೇಳಿದ ಮಾತಿನ ಮೇಲೆ ಒಬ್ಬನ್ನ ನೇಣಿಗೆ ಹಾಕ್ತಾರಾ?' ಬೇರೆ ಸಾಕ್ಷಿಗಳೂ ಇವೆ ಅಂತ ಹೇಳಿದೆ. ಅದರಿಂದ ಅವರಿಗೆ ಸಮಾಧಾನವಾಗಲಿಲ್ಲ. 'ನಾನು ಕೇಳಿದ್ದು ಹೇಳಿದ್ದೀನಿ. ಅದು ಸುಳ್ಳಲ್ಲ. ಆದ್ರೆ ಅದರ ಮೇಲಿಂದು ನನ್ನ ತಲೆಗೆ ಕಟ್ಟಬೇಡಿ.' ಕ್ಷಮಿಸಿದ್ದೀರಾ ಅಂತ ಕೇಳಿದೆ. ಇಲ್ಲ ಅಂದರು, ಒಂದು ಕ್ಷಣವೂ ಯೋಚಿಸದೆ. ಧರ್ಮಸ್ಥಳಕ್ಕೆ ಮುಡಿಪು ಕಟ್ಟಿ ದೇವರ ಗೂಡಿನಲ್ಲಿಟ್ಟಿದ್ದರು. ಅರಿಶಿನದ ಬಟ್ಟೆಯಲ್ಲಿ ಸುತ್ತಿದ ನಾಣ್ಯ. 'ಮಂಜುನಾಥನಿಗೆ ಒಪ್ಪಿಸಿದ್ದೀನಿ. ಕೊಲ್ಲೋದಿದ್ರೆ ಅವನು ಕೊಲ್ತಾನೆ.' ಆಮೇಲೆ ಅವರು ಕೇಳಿದ್ದು ಹುಡುಗನ ತಾಯಿಯ ಬಗ್ಗೆ. ಬಂಧನದ ರಾತ್ರಿಯೇ ಊರವರು ಅವಳ ಸಾಮಾನನ್ನು ಲೈನ್ ಮನೆಯಿಂದ ಹೊರಗೆ ಹಾಕಿದ್ದರು. ಎಲ್ಲಿಗೆ ಹೋದಳು, ಊಟಕ್ಕೆ ಏನು ಮಾಡ್ತಾಳೆ ಅಂತ ವಿಚಾರಿಸಿದರು.

ಅವಳು ಮೂಡಿಗೆರೆ ಕಡೆಯ ಒಂದು ತೋಟದಲ್ಲಿದ್ದಳು. ಮಗನ ಪರ ಒಂದು ಮಾತೂ ಆಡಲಿಲ್ಲ. 'ಅಮ್ಮಾವ್ರ ಮುಖ ಹೆಂಗೆ ನೋಡ್ಲಿ' ಅಂದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: 'ನೇಣು ಹಾಕಿದ್ರೆ ಹೆಣ ಕೊಡ್ತಾರಾ?' ಇದಕ್ಕೆ ನೇರ ಉತ್ತರ ಕೊಡುವುದು ಕಷ್ಟ. 2013ರಲ್ಲಿ ತಿಹಾರ್ ಜೈಲಿನಲ್ಲಿ ಅಫ್ಜಲ್ ಗುರುವನ್ನು ನೇಣಿಗೆ ಹಾಕಿದಾಗ ಮನೆಯವರಿಗೆ ಕಳಿಸಿದ ಪತ್ರ ತಲುಪಿದ್ದು ಎಲ್ಲ ಮುಗಿದ ಮೇಲೆ. ದೇಹವನ್ನು ಜೈಲಿನೊಳಗೇ ಹೂತರು. ಕ್ಷಮಾದಾನ ತಿರಸ್ಕಾರವಾದ ವಿಷಯ ತಿಳಿಸಿ ಕನಿಷ್ಠ 14 ದಿನ ಬಿಡಬೇಕು, ಮನೆಯವರನ್ನು ಕಾಣಲು ಅವಕಾಶ ಕೊಡಬೇಕು ಅಂತ ನಿಯಮ ಬಂದದ್ದು 2014ರ ತೀರ್ಪಿನಿಂದ. ಕರ್ನಾಟಕದ ಗಲ್ಲುಗಂಬ ಇರುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಅಲ್ಲಿಗೆ ಹೋಗುವ ಬಸ್ಸು ಯಾವುದು ಅಂತಲೂ ಅವಳಿಗೆ ಗೊತ್ತಿಲ್ಲ.

ಶಿಕ್ಷೆ ಹೇಳುವ ಮೊದಲು ನ್ಯಾಯಾಧೀಶರು ಆರೋಪಿಯ ಬದುಕಿನ ವರದಿ ತರಿಸಿದರು. ಗಲ್ಲು ಕೊಡಬಹುದಾದ ಕೇಸಿನಲ್ಲಿ ಹೀಗೆ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟದ್ದು, ಅಪ್ಪ ಸಿಲ್ವರ್ ಮರದಿಂದ ಬಿದ್ದು ಸತ್ತದ್ದು, ಸಂಘದ ಸಾಲ, ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ಆಟ, ವಸೂಲಿಗೆ ಬರುವವರು ತಾಯಿಯನ್ನು ಬೈದದ್ದು. ಇದ್ಯಾವುದೂ ಕೊಲೆಯನ್ನು ಸರಿ ಮಾಡುವುದಿಲ್ಲ. ಸಾಲ ಇರುವವರೆಲ್ಲ ಕೊಲ್ಲುವುದಿಲ್ಲ. ಆದರೆ 1980ರ ಬಚ್ಚನ್ ಸಿಂಗ್ ತೀರ್ಪಿನ ಪ್ರಕಾರ, ಅಪರೂಪದಲ್ಲೇ ಅಪರೂಪ ಅನ್ನಿಸಿ, ಬೇರೆ ಯಾವ ಶಿಕ್ಷೆಯೂ ಸಾಲದು ಅಂದಾಗ ಮಾತ್ರ ಗಲ್ಲು. ಅಪರಾಧದ ಜೊತೆ ಮನುಷ್ಯನನ್ನೂ ನೋಡಿಯೇ ಅದನ್ನು ತೀರ್ಮಾನಿಸಬೇಕು. ಇವನು ಆ ಮಟ್ಟಕ್ಕೆ ಬರುವುದಿಲ್ಲ ಅಂತ ನ್ಯಾಯಾಧೀಶರು ಜೀವಾವಧಿ ಕೊಟ್ಟರು.

ಕೋರ್ಟಿನ ಹೊರಗೆ ಗಲಾಟೆಯಾಯಿತು. ಸಹಿ ಹಾಕಿಸಿದ್ದ ಹುಡುಗರು ಕೂಗಿದರು, ಟಿವಿಯವರು ಮಗನ ಬಾಯಿಗೆ ಮೈಕ್ ಹಿಡಿದರು. ಆಮೇಲೆ ಆ ಹುಡುಗರಾಗಲಿ ಮುಖಂಡರಾಗಲಿ ಆ ಮನೆಗೆ ಬಂದದ್ದನ್ನು ನಾನು ನೋಡಿಲ್ಲ.

ಆಮೇಲೆ

ಮಗನ ಜೊತೆ ತೀರ್ಪನ್ನು ಓದಿದೆವು. ಶಿಕ್ಷೆ ಸಾಲದು ಅಂತ ಸತ್ತವರ ಕಡೆಯವರು ನೇರವಾಗಿ ಅಪೀಲು ಹೋಗುವಂತಿಲ್ಲ, ಸರ್ಕಾರವೇ ಹೋಗಬೇಕು. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಖುಲಾಸೆಯಾಗಿದ್ದರೆ ಹೋಗಬಹುದಿತ್ತು. ಜೀವಾವಧಿಯ ನಿಜವಾದ ಅರ್ಥ ತಿಳಿದ ಮೇಲೆ ಅವನು ತುಂಬ ಹೊತ್ತು ಸುಮ್ಮನಿದ್ದ. 'ನಂಗೆ ಅವನು ಸಾಯ್ಲೇಬೇಕು ಅಂತಿಲ್ಲ ಸರ್. ನಾಳೆ ಅಮ್ಮ ಒಬ್ಬಳೇ ಇದ್ದಾಗ ಗೇಟಿನ ಮುಂದೆ ಅವನು ಬಂದು ನಿಲ್ಲಬಾರದು. ಅಷ್ಟು ಗ್ಯಾರಂಟಿ ಯಾರು ಕೊಡ್ತಾರೆ?'

ಮಗಳ ಮನಸ್ಸು ಬದಲಾಗಲಿಲ್ಲ. ನಾನು ಹೇಳಿದ್ದನ್ನೆಲ್ಲ ಗಮನವಿಟ್ಟು ಕೇಳಿದರು. ಮಹಾರಾಷ್ಟ್ರದ ಆರು ಜನರ ವಿಷಯವನ್ನು ಎರಡು ಸಲ ಕೇಳಿ ತಿಳಿದುಕೊಂಡರು. ಕೊನೆಗೆ ಹೇಳಿದರು: 'ಎಲ್ಲ ಅರ್ಥವಾಯ್ತು ಅಣ್ಣ. ಆದ್ರೂ ನಂಗೆ ಗಲ್ಲೇ ಬೇಕು. ಅಪ್ಪನ ಕತ್ತು ತೊಳೆದವಳು ನಾನು.' ಅವರಿಗೆ ಎದುರು ಹೇಳುವ ಮಾತು ನನ್ನ ಹತ್ತಿರ ಇಲ್ಲ. ಹೇಳುವುದು ಸರಿಯೂ ಅಲ್ಲ.

ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ಮರಣದಂಡನೆ ಇರಬಾರದು. 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು, ಈ ಶಿಕ್ಷೆಯನ್ನೇ ತೆಗೆದುಹಾಕುವುದಕ್ಕೆ ತಮ್ಮ ಒಲವು ಅಂದಿದ್ದರು. ಕಾನೂನು ಆಯೋಗ 2015ರ ತನ್ನ 262ನೇ ವರದಿಯಲ್ಲಿ ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರಿದ ಪ್ರಕರಣಗಳನ್ನು ಬಿಟ್ಟು ಉಳಿದೆಲ್ಲಕ್ಕೂ ರದ್ದು ಮಾಡಿ ಅಂತ ಶಿಫಾರಸು ಮಾಡಿತು. ತಪ್ಪಾದರೆ ತಿದ್ದಲಾಗದ ಕೆಲಸವನ್ನು, ತಪ್ಪು ಮಾಡುವ ವ್ಯವಸ್ಥೆಯ ಕೈಗೆ ಕೊಡಬಾರದು. ಆದರೆ ನನ್ನ ಹಾಗೆ ಬೇಡ ಅನ್ನುವವರು ಮಗನ ಪ್ರಶ್ನೆಗೆ ಉತ್ತರ ಕೊಡದೆ ಸುಮ್ನೆ ಮಾನವೀಯತೆ ಅಂತ ಭಾಷಣ ಮಾಡಿದರೆ ಊರಿನಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ಯಾರನ್ನು ಯಾವಾಗ, ಯಾವ ಆಧಾರದ ಮೇಲೆ ಬಿಡುತ್ತಾರೆ ಅನ್ನುವುದು ಸತ್ತವರ ಮನೆಗೆ ಮೊದಲೇ ತಿಳಿಯಬೇಕು. ಅವರ ಮಾತನ್ನೂ ಕೇಳಬೇಕು. ಕೊಲೆಯಾದ ವಾರವೇ ಯಾರಾದರೂ ಆ ಮನೆಯಲ್ಲಿ ಕೂತು, ಕೇಸು ಹೇಗೆ ನಡೆಯುತ್ತದೆ, ಜೀವಾವಧಿ ಅಂದರೇನು, ಪರಿಹಾರಕ್ಕೆ ಅರ್ಜಿ ಎಲ್ಲಿ ಹಾಕಬೇಕು ಅಂತ ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಈ ಪ್ರಕರಣದಲ್ಲಿ ಬ್ಯಾನರ್ ಬಂದದ್ದು ಮರುದಿನ. ಈ ವಿವರ ಹೇಳಲು ನಾನು ಹೋದದ್ದು ತಿಂಗಳುಗಳಾದ ಮೇಲೆ.

ಈಗ ಅಪರಾಧಿ ಮೈಸೂರಿನ ಜೈಲಿನಲ್ಲಿದ್ದಾನೆ. ತೀರ್ಪಿನ ವಿರುದ್ಧ ಅವನು ಹಾಕಿದ ಅಪೀಲು ಹೈಕೋರ್ಟಿನಲ್ಲಿದೆ. ಸರ್ಕಾರ ಶಿಕ್ಷೆ ಹೆಚ್ಚಿಸಿ ಅಂತ ಅಪೀಲು ಹೋಗಿಲ್ಲ. ಶಿಕ್ಷೆ ಕಡಿತ ಅಥವಾ ಪೆರೋಲಿನ ವಿಚಾರ ಬಂದಾಗಲೆಲ್ಲ ನಮಗೆ ಮುಂಚೆಯೇ ತಿಳಿಸಬೇಕು, ನಮ್ಮ ಮಾತು ಕೇಳಬೇಕು ಅಂತ ಮಗ ಜೈಲು ಅಧಿಕಾರಿಗಳಿಗೂ ಗೃಹ ಇಲಾಖೆಗೂ ಅರ್ಜಿ ಬರೆದಿದ್ದಾನೆ. ಅಜ್ಜಿ ಅದಕ್ಕೆ ಸಹಿ ಹಾಕಿದರು. ಮಗಳು ಹಾಕಲಿಲ್ಲ. ಪೆರೋಲ್ ಕೊಡುವುದೇ ಬೇಡ ಅಂತ ಅವರು ಬೇರೆಯದೇ ಅರ್ಜಿ ಬರೆಸುತ್ತಿದ್ದಾರೆ. ಅದನ್ನು ಟೈಪ್ ಮಾಡಿಸಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ.